ಹಿಂದಿನ ಸೀಟಿನಲ್ಲಿ ಯಾರು ಕೂಡುತ್ತಾರೆ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಏನೇನು ಕೇಳುತ್ತಾರೆಂದು ತಿಳಿಯಬೇಕಾದರೆ ಬೀದರಿನ ಯಾವುದಾದರೂ ಗ್ಯಾರೇಜಿನ ಮುಂದೆ ಅರ್ಧ ತಾಸು ಕುಳಿತರೆ ಸಾಕು. ಮೈಲೇಜ್ ಎಷ್ಟು ಕೊಡುತ್ತದೆ, ಎಷ್ಟು ಕಿಲೋಮೀಟರ್ ಓಡಿದೆ, ಎ.ಸಿ. ತಣ್ಣಗಿದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ. ಬಾನೆಟ್ ಎತ್ತಿ ಎಂಜಿನಿನ ಸದ್ದಿಗೆ ತಲೆದೂಗುತ್ತಾರೆ, ಸೀಟಿನ ಕವರ್ ಸವರಿ ನೋಡುತ್ತಾರೆ. ಬಗ್ಗಿ, ಚಕ್ರದ ಹಿಂದೆ ಏನಿದೆ ಎಂದು ನೋಡುವವರನ್ನು ನಾವು ಬಹಳ ಕಂಡಿಲ್ಲ. ಅಲ್ಲಿ ಧೂಳು ಮೆತ್ತಿಕೊಂಡ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ನಾಲ್ಕಾರು ರಬ್ಬರ್ ತುಂಡುಗಳು, ಒಂದೆರಡು ಕೀಲುಗಳು ಇರುತ್ತವೆ. ಇವೆಲ್ಲ ಸೇರಿದರೆ ಸಸ್ಪೆನ್ಷನ್. ಗಾಡಿಯ ಭಾರ ಹೊರುವುದೂ ಅದೇ, ರಸ್ತೆಯ ಪೆಟ್ಟು ತಿನ್ನುವುದೂ ಅದೇ, ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದೂ ಅದೇ. ಮೂರನೆಯ ಈ ಕೆಲಸ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸಸ್ಪೆನ್ಷನ್ ಎಂದರೆ ಕುಳಿತವರ ಸುಖ ಎಂದಷ್ಟೇ ತಿಳಿದಿರುತ್ತಾರೆ. ಟೈರು ನೆಲ ಬಿಟ್ಟು ಕುಪ್ಪಳಿಸಿದಷ್ಟು ಹೊತ್ತು ಗಾಡಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ನಮ್ಮದು ಮೂರು ಊರಿಗೆ ಹಂಚಿಹೋದ ಮನೆ. ಅಮ್ಮಿ ಮತ್ತು ಭಾಯಿಜಾನ್ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹೊಲದ ಮಗ್ಗುಲಲ್ಲೇ ಇದ್ದಾರೆ. ತಂಗಿಯನ್ನು ಕೊಟ್ಟದ್ದು ಭಾಲ್ಕಿಗೆ. ನಾವು ಬೀದರ್ ಶಹರದಲ್ಲಿ. ಬೀದರಿನಿಂದ ಔರಾದಕ್ಕೂ ಭಾಲ್ಕಿಗೂ ಹೆಚ್ಚುಕಡಿಮೆ 40 ಕಿಲೋಮೀಟರ್ ದಾರಿ. ಮೂರು ಮನೆಗೂ ಸೇರಿ ಇರುವುದು ಒಂದೇ ಸಣ್ಣ ಕಾರು, 2012ರ ಮಾಡೆಲಿನದು, ನಮ್ಮಲ್ಲಿಗೆ ಬರುವ ಮೊದಲೇ ಇಬ್ಬರ ಕೈ ದಾಟಿದ್ದು. ಮದುವೆ, ಮಯ್ಯತ್, ಆಸ್ಪತ್ರೆ, ಹಬ್ಬದ ಖರೀದಿ ಎಲ್ಲಕ್ಕೂ ಅದೇ ಓಡಬೇಕು. ಹೀಗೆ ಈ ಮೂರು ಊರುಗಳ ನಡುವೆ ಓಡಾಡುವಾಗ ಕಾರಿನ ಕಾಲುಗಳ ಬಗ್ಗೆ ನಮಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೆಲದ ಮಾತು. ಬೀದರ್ ಶಹರ ನಿಂತಿರುವುದು ಕೆಂಪು ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆ ಎಂದು ಕರೆಯುವ ಈ ಕಲ್ಲು ನೀರನ್ನು ಒಳಗೆ ಬಿಟ್ಟುಕೊಂಡರೂ ಉಬ್ಬುವುದಿಲ್ಲ. ಶಹರದ ದಿಬ್ಬ ಇಳಿದು ಜನವಾಡ ದಾಟಿ, ಕೌಠಾ ಸೇತುವೆಯ ಮೇಲೆ ಮಾಂಜ್ರಾ ನದಿ ದಾಟಿದರೆ ನೆಲದ ಬಣ್ಣವೇ ಬದಲು. ಸಂತಪುರದ ಕಡೆಗೆ ಕಣ್ಣು ಹರಿದಷ್ಟೂ ಎರೆಮಣ್ಣು. ಭಾಲ್ಕಿಯ ಕಡೆಗೂ ಅದೇ. ಎರೆಮಣ್ಣಿನ ಗುಣ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲ ಬಿರಿಯುತ್ತದೆ. ಜೋಳಕ್ಕೂ ಕಡಲೆಗೂ ಅದು ವರ, ರಸ್ತೆಗೆ ಮಾತ್ರ ಶಾಪ. ಮುರುಮ್ ಹಾಕಿ, ಜಲ್ಲಿ ಹಾಸಿ, ಮೇಲೆ ಎಷ್ಟು ಚೆಂದ ಡಾಂಬರು ಬಳಿದರೂ ಅಡಿಯ ಮಣ್ಣಿಗೆ ತಕ್ಕ ಚಿಕಿತ್ಸೆ ಆಗಿರದಿದ್ದರೆ ನಾಲ್ಕು ಮಳೆಗಾಲದಲ್ಲಿ ರಸ್ತೆ ಅಲೆಯಂತೆ ಏರಿಳಿಯುತ್ತದೆ. ಅಂಚು ಕುಸಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ಉಳಿದ ಕೆಲಸ ಮುಗಿಸುತ್ತವೆ.

ಆದ್ದರಿಂದ ಎರಡು ನೆಲ ಎರಡು ಬಗೆಯ ರೋಗ ಕೊಡುತ್ತವೆ. ಹಳೇ ಶಹರದಲ್ಲಿ, ಚೌಬಾರಾದ ಸುತ್ತಮುತ್ತ, ಫತೇ ದರ್ವಾಜಾದ ಕಡೆಯ ಗಲ್ಲಿಗಳಲ್ಲಿ ಕಾರಿಗೆ ಬೀಳುವುದು ಸಣ್ಣ, ಚೂಪಾದ ಪೆಟ್ಟು. ಚರಂಡಿಯ ಕಲ್ಲು, ಪೈಪಿಗೆಂದು ಅಗೆದು ಮುಚ್ಚಿದ ತಗ್ಗು, ಅಂಗಡಿಯವರೇ ಕಟ್ಟಿದ ಉಬ್ಬು. ಇದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ಕೀಲುಗಳನ್ನು ಸಡಿಲಿಸುತ್ತದೆ. ಎರೆಮಣ್ಣಿನ ಉದ್ದ ಅಲೆಗಳ ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಹೋದರೆ ಸದ್ದು ಕಡಿಮೆ, ತೂಗಾಟ ಹೆಚ್ಚು. ಅಲ್ಲಿ ಸಾಯುವುದು ಶಾಕ್ ಅಬ್ಸಾರ್ಬರ್. ಗ್ಯಾರೇಜಿನವರ ಬಾಯಲ್ಲಿ ಅದು ಶಾಕಪ್.

ಸ್ಪ್ರಿಂಗಿಗೂ ಶಾಕಪ್ಪಿಗೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ವಿದ್ಯೆ ಬಂದಂತೆ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಲಾರಿಯ ಪಟ್ಟಿ ಸ್ಪ್ರಿಂಗಿಗೆ ನಮ್ಮಲ್ಲಿ ಕೆಲವರು ಪಾಟಾ ಎನ್ನುತ್ತಾರೆ. ಉರ್ದು ಮಾತಾಡುವ ಹಳೆಯ ಮೆಕ್ಯಾನಿಕರು ಕಮಾನಿ ಎನ್ನುತ್ತಾರೆ. ಕಮಾನ್ ಎಂದರೆ ಪಾರ್ಸಿಯಲ್ಲಿ ಬಿಲ್ಲು. ಅದೇ ಶಬ್ದ ಕನ್ನಡಕ್ಕೆ ಬಂದು ಬಾಗಿಲ ಮೇಲಿನ ಕಮಾನಾಯಿತು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಕಮಾನುಗಳ ಮುಂದೆಯೇ ಪಾಟಾ ಬಾಗಿದ ಟೆಂಪೋಗಳು ದಿನವೂ ಹಾದುಹೋಗುತ್ತವೆ, ಒಂದೇ ಮಾತಿನ ಎರಡು ಮಕ್ಕಳು ಎದುರುಬದುರು ಆದಂತೆ. ಕಲ್ಲಿನ ಕಮಾನು ಬಾಗಿಯೇ ಇದ್ದು ಭಾರ ಹೊರುತ್ತದೆ. ಉಕ್ಕಿನ ಕಮಾನಿ ಭಾರ ಬಿದ್ದಾಗ ಚಪ್ಪಟೆಯಾಗಿ, ಭಾರ ಹೋದಾಗ ಮತ್ತೆ ಬಾಗುತ್ತದೆ. ಅದರ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತ ಸ್ವಲ್ಪ ತಾನಾಗಿಯೇ ತಗ್ಗುತ್ತದೆ. ಇಂದಿನ ಸಣ್ಣ ಕಾರುಗಳಲ್ಲಿರುವ ಸುರುಳಿ ಸ್ಪ್ರಿಂಗಿಗೆ ಆ ಗುಣವಿಲ್ಲ. ಒಮ್ಮೆ ಒತ್ತಿ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಅದರ ಕುಣಿತ ನಿಲ್ಲಿಸುವುದು ಶಾಕಪ್ಪಿನ ಕೆಲಸ. ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಕೊಳವೆಯೊಳಗೆ ಸಣ್ಣ ತೂತುಗಳ ಪಿಸ್ಟನ್. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಸುಳಬೇಕು. ಆ ಕಷ್ಟವೇ ಕುಣಿತವನ್ನು ನುಂಗುತ್ತದೆ, ಎಣ್ಣೆ ಬಿಸಿಯಾಗುತ್ತದೆ. ಸೀಲು ಹರಿದು ಎಣ್ಣೆ ಸೋರಿದರೆ ಉಳಿಯುವುದು ಬರೀ ಕೊಳವೆ.

ಭಾಲ್ಕಿಯಲ್ಲಿ ತಂಗಿಯ ಮನೆಯ ಪಕ್ಕದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಅವರ ಕಾರು ಬ್ರೇಕ್ ಹಾಕಿದ ಕೂಡಲೇ ರುಕೂವಿಗೆ ಹೋದಂತೆ ಮೂಗು ಬಗ್ಗಿಸುತ್ತಿತ್ತು. "ಹೋದ ವರ್ಷಾನೇ ನಾಲ್ಕೂ ಶಾಕಪ್ ಹೊಸಾವ ಹಾಕ್ಸೀನ್ರೀ" ಎಂದು ಅವರು ಬಿಲ್ಲನ್ನೂ ತೋರಿಸಿದರು. ಪರೀಕ್ಷೆ ಸುಲಭ. ಕಾರಿನ ಒಂದು ಮೂಲೆಯ ಮೇಲೆ ಎರಡೂ ಕೈ ಊರಿ ಮೈಭಾರ ಬಿಟ್ಟು ಒತ್ತಬೇಕು, ತಟ್ಟನೆ ಬಿಡಬೇಕು. ಮೇಲೆ ಬಂದು ಒಂದು ಸಲ ಇಳಿದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಆ ಮೂಲೆಯ ಶಾಕಪ್ ಹೋಗಿದೆ. ಮಾಸ್ತರರ ಕಾರು ಮೂರು ಸಲ ತೂಗಿತು. ಕೆಳಗೆ ಬಗ್ಗಿ ಬಟ್ಟೆಯಿಂದ ಒರೆಸಿದರೆ ಹೊಸ ಕಪ್ಪು ಬಣ್ಣದ ಕೆಳಗೆ ತುಕ್ಕಿನ ಗುಳಿಗಳು. ಹಳೆಯದಕ್ಕೆ ಎಣ್ಣೆ ತುಂಬಿ, ಬಣ್ಣ ಬಳಿದು, ಹೊಸದೆಂದು ಮಾರಿದ್ದರು. ಯಾವ ಊರಿನ ಯಾವ ಅಂಗಡಿ ಎಂಬುದು ಇಲ್ಲಿ ಬೇಡ. ಅಂಥವು ಎಲ್ಲ ಊರಲ್ಲೂ ಇವೆ. ಶಾಕಪ್ ಹಾಕಿಸುವವರು ಹಳೆಯದನ್ನು ಕೇಳಿ ಇಸಿದುಕೊಳ್ಳಬೇಕು, ಹೊಸದರ ಡಬ್ಬಿಯನ್ನು ತಮ್ಮ ಕಣ್ಣೆದುರೇ ಬಿಚ್ಚಿಸಬೇಕು ಎಂಬುದಷ್ಟೇ ನಮ್ಮ ಮಾತು. ಇನ್ನೊಂದು: ಒಂದೇ ಬದಿಗೆ ಹೊಸದು ಹಾಕಿಸಬಾರದು. ಬಲಗಾಲಿಗೆ ಹೊಸ ಚಪ್ಪಲಿ, ಎಡಗಾಲಿಗೆ ಸವೆದದ್ದು ಹಾಕಿದರೆ ನಡಿಗೆ ಹೇಗಿರುತ್ತದೋ ಹಾಗೆ. ಮುಂದಿನ ಎರಡು, ಇಲ್ಲವೇ ಹಿಂದಿನ ಎರಡು, ಜೋಡಿಯಾಗಿಯೇ ಬದಲಿಸಬೇಕು.

ಬ್ರೇಕಿನಲ್ಲಿ ಮೂಗು ಬಗ್ಗುವುದು, ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುವುದು, ಟೈರಿನ ಮೇಲೆ ಅಂಗೈ ಸವರಿದರೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಸಿಗುವುದು, ಇವೆಲ್ಲ ಶಾಕಪ್ಪಿನ ಚಿಹ್ನೆಗಳು. ಟೈರಿನ ಒಳ ಅಂಚು ಮಾತ್ರ, ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಚಕ್ರ ನೆಟ್ಟಗೆ ನಿಂತಿಲ್ಲ ಎಂದರ್ಥ. ಬುಷ್ ಸವೆದೋ ಆರ್ಮ್ ಬಾಗಿಯೋ ಅದು ಓರೆಯಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸಿದ ತಿಂಗಳಲ್ಲೇ ಗಾಡಿ ಮತ್ತೆ ಒಂದು ಬದಿಗೆ ಎಳೆಯತೊಡಗಿದರೆ ಅಲೈನ್‌ಮೆಂಟಿನವನನ್ನು ಬೈಯುವ ಮೊದಲು ಬುಷ್ ನೋಡಿಸಬೇಕು.

ಇವೆಲ್ಲವನ್ನೂ ಓಡಿಸುವವನಿಗಿಂತ ಮೊದಲು ಅರಿಯುವವರು ಹಿಂದೆ ಕುಳಿತವರು. ನಮ್ಮಮ್ಮಿ 2021ರಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ರಾಡ್ ಹಾಕಿದ ಮೇಲೆ ತಿಂಗಳಿಗೊಮ್ಮೆ ಬೀದರಿನ ಆಸ್ಪತ್ರೆಗೆ ತೋರಿಸಲು ಬರಬೇಕಾಯಿತು. ಹಿಂದಿನ ಸೀಟಿನಲ್ಲಿ ಎರಡು ದಿಂಬಿನ ನಡುವೆ ಕುಳಿತು, ಮೇಲಿನ ಹಿಡಿಕೆ ಹಿಡಿದು, ಬಾಯಲ್ಲಿ ದುರೂದ್ ಓದುತ್ತಾ ಬರುವ ಅವರು ನಮ್ಮ ರಸ್ತೆಗೊಂದು ನಿಘಂಟನ್ನೇ ಮಾಡಿದರು. ಅದರಲ್ಲಿ ಎರಡೇ ಶಬ್ದ. ಒಂದು ಧಕ್ಕಾ, ಇನ್ನೊಂದು ಝೋಲಾ. ಧಕ್ಕಾ ಒಂದೇ ಸಲ ಬಂದು ಸೊಂಟಕ್ಕೆ ಹೊಡೆದು ಹೋಗುತ್ತದೆ. ಝೋಲಾ ಹೊಡೆಯುವುದಿಲ್ಲ, ತೊಟ್ಟಿಲಿನಂತೆ ತೂಗಿ ಹೊಟ್ಟೆ ತೊಳಸುತ್ತದೆ. "ಸಂತಪುರದ ತನಕ ಝೋಲಾ, ಕೌಠಾದಿಂದೀಚೆ ಧಕ್ಕಾ" ಎಂದು ಅವರು ಹೇಳಿದರೆ ರೋಗ ಎಲ್ಲಿದೆ ಎಂದು ಅರ್ಧ ಗೊತ್ತಾದಂತೆ. ಝೋಲಾ ಹೆಚ್ಚಾದರೆ ಶಾಕಪ್. ಧಕ್ಕಾ ಹೆಚ್ಚಾದರೆ ಸ್ಪ್ರಿಂಗು ಕುಸಿದಿದೆ, ಇಲ್ಲವೇ ಬುಷ್ ಸವೆದಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಹುಡುಗ ಟೈರಿಗೆ ಗಾಳಿ ಜಾಸ್ತಿ ಹೊಡೆದಿದ್ದಾನೆ. ಈ ಕೊನೆಯ ಕಾರಣ ನಾವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಸಾಮಾನ್ಯ.

ಚಿಕ್ಕಂದಿನಲ್ಲಿ ದೇವಣಿ ಎತ್ತಿನ ಬಂಡಿಯಲ್ಲಿ ತವರಿಗೆ ಹೋಗುತ್ತಿದ್ದುದನ್ನು ಅಮ್ಮಿ ನೆನೆಯುತ್ತಾರೆ. ಬಂಡಿಗೆ ಸ್ಪ್ರಿಂಗಿಲ್ಲ, ಮೊಣಕಾಲೆತ್ತರ ಜೋಳದ ಕಣಕಿ ಹಾಸಿ ಮೇಲೆ ಕೌದಿ ಹಾಕುತ್ತಿದ್ದರು. ಎತ್ತಿನ ನಡಿಗೆಗೆ ಅಷ್ಟು ಸಾಕಾಗುತ್ತಿತ್ತು. ಪೆಟ್ಟಿನ ಜೋರು ಏರುವುದು ವೇಗ ಏರಿದಂತೆ.

2022ರ ಚಳಿಗಾಲದಲ್ಲಿ ನಮ್ಮ ಕಾರಿನ ಮುಂದಿನ ಎಡಬದಿಯಿಂದ ಸದ್ದು ಶುರುವಾಯಿತು. ಕಟ್, ಕಟ್. ಹಳೇ ಶಹರದ ಕಲ್ಲಿನ ಮೇಲೆ ನಿಧಾನ ಹೋಗುವಾಗ ಮಾತ್ರ ಕೇಳುತ್ತಿತ್ತು, ಔರಾದ ರಸ್ತೆಯಲ್ಲಿ ವೇಗವಾಗಿ ಹೋದರೆ ಇಲ್ಲ. ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆವು. ಕಾರನ್ನು ಲಿಫ್ಟಿನ ಮೇಲೆ ಏರಿಸಿದರು, ಹತ್ತು ನಿಮಿಷದಲ್ಲಿ ಇಳಿಸಿದರು, ಮುದ್ರಿಸಿದ ಎಸ್ಟಿಮೇಟ್ ಕೈಗಿತ್ತರು. ಎರಡು ಸ್ಟ್ರಟ್, ಎರಡು ಮೌಂಟಿಂಗ್, ಸ್ಪ್ರಿಂಗು, ಬುಷ್ ಸೆಟ್, ಮಜೂರಿ. ಒಟ್ಟು 31,000 ರೂಪಾಯಿ. ಸದ್ದು ಯಾವುದರಿಂದ ಎಂದು ಕೇಳಿದರೆ "ಎಲ್ಲಾ ಚೇಂಜ್ ಮಾಡಿದರೆ ಹೋಗುತ್ತದೆ ಸರ್" ಎಂಬ ಉತ್ತರ. ಹಾಗೆ ಹೇಳುವುದು ಸುಳ್ಳೇನಲ್ಲ. ಮನೆಯಲ್ಲಿ ಒಂದು ಹೆಂಚು ಸೋರಿದರೆ ಇಡೀ ಮನೆ ಬದಲಿಸಿದರೂ ಸೋರುವುದು ನಿಲ್ಲುತ್ತದೆ.

ಅಲ್ಲಿಂದ ನಾವು ಹೋದದ್ದು ಹಳೇ ಶಹರದ ಹೊರಗಿನ ಒಂದು ಸಣ್ಣ ಗ್ಯಾರೇಜಿಗೆ. ತಗಡಿನ ಚಪ್ಪರ, ಒಂದು ಬೇವಿನ ಮರ. ಅಲ್ಲಿನ ಉಸ್ತಾದರು ಅಂಬಾಸಿಡರ್ ಮತ್ತು ಜೀಪುಗಳ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಡಿಪ್ಲೊಮಾ ಓದಿದ ಮಗ ಈಗ ಜೊತೆಗಿದ್ದಾನೆ. ಅವನ ಕೈಯಲ್ಲಿ ಎಂಜಿನಿನ ದೋಷ ತೋರಿಸುವ ಸಣ್ಣ ಯಂತ್ರವಿದೆ. ಉಸ್ತಾದರು ನಗುತ್ತಾ, "ಅದು ಸೆನ್ಸರ್ ಹೋಗಿದ್ದು ಹೇಳ್ತದ, ಬುಷ್ ಹರಿದಿದ್ದು ಹೇಳಲ್ಲ" ಎಂದರು. ಕಾರಿನ ಕಡೆ ನೋಡುವ ಮೊದಲು ಅವರು ಕೇಳಿದ್ದು, "ಹಿಂದಿನ ಸೀಟಿನ್ಯಾಗ ಯಾರು ಕೂಡ್ತಾರ?" ಅಮ್ಮಿಯ ವಿಷಯ ಹೇಳಿದೆವು. ಧಕ್ಕಾ ಝೋಲಾಗಳ ವಿಷಯವನ್ನೂ ಹೇಳಿದೆವು. ಆಮೇಲೆ ನಾಲ್ಕೂ ಟೈರುಗಳ ಮೇಲೆ ಅಂಗೈ ಆಡಿಸಿದರು. ಮಗನನ್ನು ಓಡಿಸಲು ಕೂರಿಸಿ, ತಾವು ಪಕ್ಕದ ಸೀಟಿನಲ್ಲಿ ಕಿಟಕಿ ಇಳಿಸಿ ಕುಳಿತು, ಕಲ್ಲಿನ ಗಲ್ಲಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಸದ್ದಿನ ಮೂಲ ಸಿಕ್ಕಿತು. ಎಡ ಬಲ ಚಕ್ರಗಳ ನಡುವೆ ಅಡ್ಡ ಹಾಯುವ ಕಂಬಿಯೊಂದಿರುತ್ತದೆ, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಜರ್ ಬಾರ್. ಅದನ್ನು ಹಿಡಿದ ಎರಡು ರಬ್ಬರ್ ಬುಷ್ ಸವೆದಿದ್ದವು. ಎರಡಕ್ಕೂ ಸೇರಿ ಒಂದು ಪ್ಲೇಟ್ ಬಿರಿಯಾನಿಗಿಂತ ಹೆಚ್ಚಿನ ಬೆಲೆಯಿಲ್ಲ.

ನಾವು ಎದ್ದು ನಿಂತೆವು. ಉಸ್ತಾದರು ಏಳಲಿಲ್ಲ. "ಸದ್ದು ಮಾಡೋದು ನೋಡಿದಿವಿ. ಸುಮ್ನಿರೋದು ನೋಡ್ಬೇಕಲ್ರೀ" ಎಂದು ಬಲಗಡೆಯ ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿಸಿದರು.

ಇಲ್ಲಿ ಸ್ವಲ್ಪ ವಿವರ ಬೇಕು. ಇಂದಿನ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗು ಮತ್ತು ಶಾಕಪ್ ಒಂದೇ ಕಂಬದಂತೆ ಸೇರಿರುತ್ತವೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಗೆ ಅವರದೇ ಹೆಸರು. 1983ರ ಕೊನೆಯಲ್ಲಿ ಬಂದ ಮಾರುತಿ 800 ಅದನ್ನು ನಮ್ಮ ಊರುಗಳಿಗೂ ತಂದಿತು. ಕಡಿಮೆ ಜಾಗ, ಕಡಿಮೆ ಬೆಲೆ. ಇದರಲ್ಲಿ ಚಕ್ರದ ತಲೆಯನ್ನು ಈ ಕಂಬ ಹಿಡಿದರೆ, ಪಾದವನ್ನು ಹಿಡಿಯುವುದು ಕೆಳಗಿನ ಒಂದು ತೋಳು, ಅಂದರೆ ಲೋವರ್ ಆರ್ಮ್. ತೋಳಿನ ತುದಿಯಲ್ಲಿ ಒಂದೇ ಒಂದು ಕೀಲು, ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನಂತೆಯೇ ಗುಂಡು ಮತ್ತು ಬಟ್ಟಲು. ಗ್ರೀಸ್ ಹೊರಬಾರದಂತೆ, ಧೂಳು ಒಳಹೋಗದಂತೆ ಅದಕ್ಕೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಎರೆಮಣ್ಣಿನ ನುಣುಪು ಧೂಳು, ಮಳೆನೀರು ಒಳಸೇರಿ ಗ್ರೀಸಿನೊಂದಿಗೆ ಕಲೆತು ಅರೆಯುವ ಲೇಪವಾಗುತ್ತದೆ. ಗುಂಡು ಸವೆಯುತ್ತದೆ. ಎಷ್ಟೋ ಸಲ ಸದ್ದೇ ಇರುವುದಿಲ್ಲ. ಒಂದು ದಿನ ಗುಂಡು ಬಟ್ಟಲಿನಿಂದ ಹೊರಬಂದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಗಾಡಿ ಆ ಮೂಲೆಯಲ್ಲಿ ನೆಲ ಕಚ್ಚುತ್ತದೆ. ಗಲ್ಲಿಯಲ್ಲಾದರೆ ಬಂಪರ್ ಹೋದೀತು. ಮಾಂಜ್ರಾ ಸೇತುವೆಯ ಮೇಲಾದರೆ?

ಉಸ್ತಾದರು ಚಕ್ರವನ್ನು ಮೇಲೆ ಕೆಳಗೆ ಹಿಡಿದು, ಗಡಿಯಾರದ 12 ಮತ್ತು 6ರ ಜಾಗದಲ್ಲಿ, ಅಲುಗಾಡಿಸಿದರು. ಸಣ್ಣ ಸಡಿಲು ಸಿಕ್ಕಿತು. ಮಗನಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಾಡಿಸಿದರು. ಬ್ರೇಕ್ ಒತ್ತಿದಾಗ ಸಡಿಲು ಮಾಯವಾದರೆ ಅದು ಚಕ್ರದ ಬೇರಿಂಗ್, ಮಾಯವಾಗದಿದ್ದರೆ ಕೀಲು. 3 ಮತ್ತು 9ರಲ್ಲಿ ಹಿಡಿದಾಗ ಸಡಿಲು ಕಂಡರೆ ಸ್ಟೇರಿಂಗಿನ ಟೈ ರಾಡ್ ಕಡೆ ನೋಡಬೇಕು. ನಮ್ಮದು ಮಾಯವಾಗಲಿಲ್ಲ. ಕಬ್ಬಿಣದ ಸಲಾಕೆ ತೋಳಿನ ಕೆಳಗೆ ಕೊಟ್ಟು ಮೀಟಿದಾಗ ಕೀಲು ನಮ್ಮ ಕಣ್ಣಿಗೇ ಕಾಣುವಂತೆ ಆಡಿತು. ಟೋಪಿ ಹರಿದು ಎಷ್ಟು ದಿನವಾಗಿತ್ತೋ, ಒಳಗೆ ಕೆಂಪು ತುಕ್ಕಿನ ಪುಡಿ. 31,000 ರೂಪಾಯಿಯ ಆ ಎಸ್ಟಿಮೇಟನ್ನು ಮತ್ತೆ ಓದಿದೆವು. ಅದರಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮಿಯನ್ನು ಆಸ್ಪತ್ರೆಗೆ ಕರೆತರಬೇಕಿತ್ತು. ಆ ಮಾಡೆಲಿಗೆ ಬಾಲ್ ಜಾಯಿಂಟ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ತೋಳನ್ನೇ ಹಾಕಬೇಕು, ಅದು ಹೈದರಾಬಾದಿನಿಂದ ಬರಬೇಕು, ಎರಡು ದಿನ. ಅಲ್ಲೇ ನಿಂತಿದ್ದ ಗಿರಾಕಿಯೊಬ್ಬರು, "ವೆಲ್ಡಿಂಗ್ ಹೊಡಸ್ರೀ, ಇಲ್ಲಾ ಬಡಿದು ಟೈಟ್ ಮಾಡಸ್ರೀ, ಒಂದು ಟ್ರಿಪ್ ಏನಾಗ್ತದ" ಎಂದರು. ಹಾಗೆ ಮಾಡಿಕೊಡುವವರು ಇದ್ದಾರೆ. ಬೆಂಕಿ ತಗುಲಿದರೆ ಉಕ್ಕಿನ ಹದ ಹೋಗುತ್ತದೆ, ಒಳಗಿನ ಪ್ಲಾಸ್ಟಿಕ್ ಬಟ್ಟಲು ಕರಗುತ್ತದೆ, ಮೇಲಿಂದ ಗಟ್ಟಿ ಕಾಣುತ್ತದೆ. ಉಸ್ತಾದರು ಚಾವಿಯನ್ನು ಮೊಳೆಗೆ ನೇತುಹಾಕಿದರು. "ಚಾವಿ ಕೊಡಲ್ಲ ಭಾಯಿ. ಅಮ್ಮೀಜಾನರನ್ನ ಬ್ಯಾರೆ ಗಾಡಿನ್ಯಾಗ ಕರ್ಕೊಂಡು ಬರ್ರಿ" ಎಂದರು. ಅವರಿಗೆ ಅದರಿಂದ ಆ ದಿನ ಬಂದದ್ದು ಎರಡು ಬುಷ್ಷಿನ ಮಜೂರಿ ಮಾತ್ರ.

ಅಮ್ಮಿ ಬಂದದ್ದು ಔರಾದದಿಂದ ಬೀದರಿಗೆ ಓಡುವ ಕ್ರೂಸರ್ ಜೀಪಿನಲ್ಲಿ, ಮುಂದಿನ ಎರಡು ಸೀಟು ಹಿಡಿದು. ಈ ಜೀಪುಗಳನ್ನು ಕಾಣದವರು ನಮ್ಮ ಜಿಲ್ಲೆಯಲ್ಲಿಲ್ಲ. ಹೊರಡುವಾಗ ಆರು ಜನ, ಸಂತಪುರ ದಾಟುವ ಹೊತ್ತಿಗೆ ಎಣಿಕೆ ತಪ್ಪುತ್ತದೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು, ಒಬ್ಬರ ಮಡಿಲಲ್ಲಿ ಒಬ್ಬರು. ಇಷ್ಟು ಭಾರ ತಾಳಲೆಂದು ಮಾಲೀಕರು ಹಿಂದಿನ ಪಾಟಾಕ್ಕೆ ಒಂದೋ ಎರಡೋ ಪಟ್ಟಿ ಹೆಚ್ಚಿಗೆ ಹಾಕಿಸಿರುತ್ತಾರೆ. ಅಮ್ಮಿ ಇಳಿದ ಮೇಲೆ ಹೇಳಿದ್ದು: "ಗಾಡಿ ಖಾಲಿ ಇದ್ದಾಗ ಧಕ್ಕಾ. ಜನ ತುಂಬಿದ ಮ್ಯಾಲೆ ಮೆತ್ತಗಾಯ್ತು." ಹೆಚ್ಚಿನ ಭಾರಕ್ಕೆಂದು ಬಿಗಿ ಮಾಡಿದ ಕಮಾನಿ ಹೆಚ್ಚಿನ ಭಾರ ಬಿದ್ದಾಗಲೇ ಬಾಗುತ್ತದೆ. ಅಪಾಯ ಇರುವುದು ಅಲ್ಲೇ. ಓಡಿಸುವವನಿಗೂ ಕುಳಿತವರಿಗೂ ಗಾಡಿ ಚೆನ್ನಾಗಿಯೇ ಓಡುತ್ತಿದೆ ಎನಿಸುತ್ತದೆ. ಪಟ್ಟಿ ಹೆಚ್ಚಿಸಿದರೆ ಬ್ರೇಕ್ ಹೆಚ್ಚುವುದಿಲ್ಲ, ಟೈರಿನ ತಾಕತ್ತು ಹೆಚ್ಚುವುದಿಲ್ಲ, ಆಕ್ಸಲ್ ದಪ್ಪವಾಗುವುದಿಲ್ಲ. ಅದರಲ್ಲಿ ಕುಳಿತವರು ಪಾಟಾ ನೋಡಿ ಹತ್ತುವ ಸ್ಥಿತಿಯಲ್ಲಿಲ್ಲ. ಎಷ್ಟೋ ಹಳ್ಳಿಗೆ ಬಸ್ಸು ಬರುವುದು ದಿನಕ್ಕೆ ಎರಡು ಸಲ. ಚಾಲಕನೊಬ್ಬನನ್ನೇ ಬೈದು ಏನು ಪ್ರಯೋಜನ, ಅವನೂ ಟ್ರಿಪ್ಪಿನ ಲೆಕ್ಕದಲ್ಲಿ ಮನೆ ನಡೆಸುವವನು. ಆದರೂ ಫಿಟ್‌ನೆಸ್ ತಪಾಸಣೆ ಎಂದರೆ ಹೊಗೆ ಮತ್ತು ಹಾರ್ನ್ ನೋಡಿ ಸಹಿ ಹಾಕುವುದಷ್ಟೇ ಆಗಬಾರದು. ಈ ಜೀಪುಗಳ ಕೆಳಗೆ ಒಬ್ಬ ಬಲ್ಲವನು ವರ್ಷಕ್ಕೊಮ್ಮೆಯಾದರೂ ಟಾರ್ಚ್ ಹಿಡಿದು ಮಲಗಿ ನೋಡಬೇಕು.

ಮೂರನೆಯ ದಿನ ತೋಳು ಬಂತು. ಎರಡೂ ಬದಿಗೆ ಹಾಕಿಸಿದೆವು. ಆ ಕೆಲಸದಲ್ಲಿ ಎರಡು ಸಂಗತಿ ನೋಡಿದೆವು. ಒಂದು, ಜಾಕ್ ಒಂದನ್ನೇ ನಂಬಿ ಉಸ್ತಾದರು ಮಗನನ್ನು ಗಾಡಿಯ ಕೆಳಗೆ ಬಿಡಲಿಲ್ಲ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟರು. ಬೀದರಿನಲ್ಲಿ ಕೆಂಪು ಕಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನೇ ಒಟ್ಟಿ ಮೇಲೆ ಗಾಡಿ ಕೂರಿಸುವವರಿದ್ದಾರೆ. ಗೋಡೆಗೆ ಆ ಕಲ್ಲು ನೂರಾರು ವರ್ಷ ಬಾಳುತ್ತದೆ, ನಿಜ. ಕಾರಿನ ಭಾರ ಒಂದೇ ಚುಕ್ಕೆಯ ಮೇಲೆ ಬಿದ್ದರೆ ತೂತುತೂತಿನ ಕಲ್ಲು ಸಿಡಿಯುತ್ತದೆ. ಇನ್ನೊಂದು, ತೋಳಿನ ಬುಷ್‌ಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಯಲಿಲ್ಲ. ಅರ್ಧ ಬಿಗಿದು, ಗಾಡಿಯನ್ನು ನೆಲಕ್ಕಿಳಿಸಿ, ಭಾರ ಕೂತ ಮೇಲೆ ಪೂರ್ತಿ ಬಿಗಿದರು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಗೇ ಹಿಡಿದು ನಿಲ್ಲುತ್ತದೆ. ಗಾಡಿ ಇಳಿದ ಕ್ಷಣದಿಂದ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅವಸರದ ಗ್ಯಾರೇಜಿನಲ್ಲಿ ಹಾಕಿಸಿದ ಹೊಸ ಬುಷ್ ಬೇಗ ಹೋಗುವುದಕ್ಕೆ ಇದೊಂದು ಕಾರಣ. ಕೆಲಸ ಮಾಡಿಸುವವರು ಪಕ್ಕದಲ್ಲಿ ನಿಂತು ನೋಡಬಹುದಾದದ್ದು, ಕೇಳಬಹುದಾದದ್ದು ಇದು. ಮುಂದಿನ ಸ್ಟ್ರಟ್ ಬಿಚ್ಚುವ ಕೆಲಸವನ್ನು ಮಾತ್ರ ಮನೆಯಂಗಳದಲ್ಲಿ ಯಾರೂ ಮಾಡಬಾರದು. ಒತ್ತಿ ಹಿಡಿದಿರುವ ಸ್ಪ್ರಿಂಗು ಕೈತಪ್ಪಿದರೆ ಬಂದೂಕಿನ ಗುಂಡಿಗೆ ಕಡಿಮೆಯಿಲ್ಲ.

ಇತ್ತೀಚೆಗೆ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಉಂಗುರ ತೂರಿಸಿ ಗಾಡಿ ಎತ್ತರಿಸುವ ಚಾಳಿ ಬಂದಿದೆ. ಅಡಿ ತಾಗುವುದು ತಪ್ಪುತ್ತದೆ ಎಂದು ಹಲವರು ಹಾಕಿಸುತ್ತಾರೆ. ರಬ್ಬರ್ ಹೊಕ್ಕ ಸುರುಳಿ ಕೆಲಸ ಮಾಡುವುದಿಲ್ಲ, ಉಳಿದ ಸುರುಳಿಗಳ ಮೇಲೆ ಹೊರೆ ಹೆಚ್ಚುತ್ತದೆ, ಧಕ್ಕಾ ನೇರ ಮೌಂಟಿಂಗಿಗೆ ಹೋಗುತ್ತದೆ. ಕುಸಿದ ಸ್ಪ್ರಿಂಗಿಗೆ ಹೊಸ ಸ್ಪ್ರಿಂಗೇ ಮದ್ದು ಎಂಬುದು ನಮ್ಮ ಅಭಿಪ್ರಾಯ.

ಸ್ಪೀಡ್ ಬ್ರೇಕರ್‌ಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಬೀದರಿನವರು ಬರೆದ ಲೇಖನ ಎಂದು ಯಾರೂ ಒಪ್ಪಲಾರರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಅಳತೆ ಹೇಳಿದೆ. ವಾಹನಗಳು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಾಗಲು ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ನಮ್ಮ ಹಳ್ಳಿಗಳಲ್ಲಿ ಎತ್ತರ ಅದಕ್ಕಿಂತ ಹೆಚ್ಚು, ಅಗಲ ಒಂದು ಮಾರೂ ಇರುವುದಿಲ್ಲ. ರಸ್ತೆ ದಾಟುವಾಗ ಮಗುವನ್ನು ಕಳೆದುಕೊಂಡ ಊರಿನವರು ರಾತ್ರೋರಾತ್ರಿ ಕಲ್ಲು ಹಾಕಿ ಡಾಂಬರು ಸುರಿದರೆ ಅವರಿಗೆ ಅಳತೆಪಟ್ಟಿಯ ಉಪದೇಶ ಮಾಡಲು ನಮಗೆ ಬಾಯಿ ಬರುವುದಿಲ್ಲ. ಓಡಿಸುವವರು ಮಾಡಬಹುದಾದದ್ದು ಇಷ್ಟು. ಉಬ್ಬಿನ ಮೊದಲೇ ಬ್ರೇಕ್ ಹಾಕಿ ನಿಧಾನವಾಗಿ, ಚಕ್ರ ಹತ್ತುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಒತ್ತಿರುವಾಗ ಮುಂದಿನ ಸ್ಪ್ರಿಂಗು ಮೊದಲೇ ಅದುಮಿಕೊಂಡಿರುತ್ತದೆ, ಪೆಟ್ಟು ನುಂಗಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ನಾವು ಹೀಗೆ ದಾಟಿಸಿದ್ದು ಅಮ್ಮಿಗೆ ಹಿಂದಿನ ಸೀಟಿನಲ್ಲಿ ಕೂಡಲೇ ಗೊತ್ತಾಗುತ್ತದೆ.

ಕಳಚಿದ ಹಳೆಯ ತೋಳನ್ನು ಉಸ್ತಾದರು ಗುಜರಿಗೆ ಹಾಕಲಿಲ್ಲ. ಚಾವಿ ನೇತುಹಾಕುವ ಮೊಳೆಯ ಪಕ್ಕದಲ್ಲೇ ತಂತಿ ಕಟ್ಟಿ ತೂಗುಬಿಟ್ಟಿದ್ದಾರೆ. ಸದ್ದು ಬರುತ್ತಿಲ್ಲ, ಗಾಡಿ ಚಲೋ ಅದ ಎಂದು ವಾದ ಮಾಡುವ ಗಿರಾಕಿ ಬಂದರೆ ಅದನ್ನು ಇಳಿಸಿ ಕೈಗೆ ಕೊಡುತ್ತಾರೆ, ಒಂದೇ ಬೆರಳಿನಿಂದ ಅಲುಗಾಡಿಸಿ ನೋಡಲು ಹೇಳುತ್ತಾರೆ. ಮೊನ್ನೆ ನಾವು ಎಣ್ಣೆ ಬದಲಿಸಲು ಹೋದಾಗ ಒಬ್ಬ ಕ್ರೂಸರ್ ಚಾಲಕ ಅದನ್ನು ಹಿಡಿದು ನಿಂತಿದ್ದ. ಅವನ ಜೀಪು ಬೇವಿನ ಮರದ ಕೆಳಗೆ, ನಾಲ್ಕೂ ಸ್ಟ್ಯಾಂಡಿನ ಮೇಲೆ.